ಕರಿಹಲಗೆಯ ಕೆಳಗಿನ ಸಾಲು

ಅಕ್ಟೋಬರ್ 6, ಸೋಮವಾರ

ಅಷ್ಟೇ ಅಲ್ಲ, ಬರೆದಾದ ಮೇಲೆ ಅವನು ಚಾಕ್‌ಪೀಸನ್ನು ನನ್ನ ಕೈಗೇ ವಾಪಸು ಕೊಟ್ಟ. ನಿನ್ನೆ ಅಷ್ಟೆಲ್ಲ ಗೀಚಿಯೂ ಈ ಮುಖ್ಯವಾದದ್ದೇ ಬಿಟ್ಟುಹೋಗಿತ್ತು. ‘ಥ್ಯಾಂಕ್ಸ್’ ಅಂದ. ನನ್ನದೇ ಡಬ್ಬಿಯ ಚಾಕ್‌ಪೀಸು! ಅದರಿಂದಲೇ ನನ್ನ ತಪ್ಪು ತೋರಿಸಿ, ಬೆರಳಿಗೆ ಹತ್ತಿದ ಪುಡಿಯನ್ನು ಕರ್ಚೀಫಿನಲ್ಲಿ ಒರೆಸಿಕೊಂಡು, ಥ್ಯಾಂಕ್ಸ್.

ಸಮಾಧಾನವಾಗಿ ಇನ್ನೊಂದು ಸಲ ಬರೆಯುತ್ತೇನೆ. ನಿನ್ನೆಯದು ಸಿಟ್ಟಿನಲ್ಲಿ ಬರೆದದ್ದು, ನನಗೇ ಓದಲಾಗುತ್ತಿಲ್ಲ. ನಮ್ಮ ಯಾದವಗಿರಿಯ ಪಾರ್ಕಿನ ಗೇಟಿನ ಪಕ್ಕ ಒಂದು ಕರಿಹಲಗೆ ಇದೆ. ರೈಲ್ವೆ ವರ್ಕ್‌ಶಾಪಿನ ಆಫೀಸಿನಿಂದ ರಿಟೈರ್ ಆದಾಗಿನಿಂದ ಪ್ರತಿದಿನ ಬೆಳಿಗ್ಗೆ ಅದರ ಮೇಲೆ ಒಂದು ಪದ, ಅದರ ಅರ್ಥ, ಅದು ಎಲ್ಲಿಂದ ಬಂತು ಎನ್ನುವುದನ್ನು ಬರೆಯುವುದು ನಾನು. ಯಾರೂ ಹೇಳಿದ್ದಲ್ಲ, ಯಾರೂ ಬೇಡ ಅಂದದ್ದೂ ಅಲ್ಲ. ಈ ತಿಂಗಳು ಮಾನ, ಅವಮಾನ, ವಿನಯ, ಈ ಬಗೆಯ ಪದಗಳನ್ನು ಹಿಡಿದಿದ್ದೇನೆ. ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಲೆಕ್ಚರರ್ ಶಿವಶಂಕರ್ ಹೇಳುತ್ತಿದ್ದರು: ಹ್ಯುಮಿಲಿಟಿ, ಹ್ಯುಮಿಲಿಯೇಷನ್ ಇಬ್ಬರೂ ಅಕ್ಕತಂಗಿಯರು ಕಣ್ರಯ್ಯ, ಕೊಟ್ಟ ಮನೆ ಮಾತ್ರ ಬೇರೆ ಬೇರೆ. ಅದೊಂದು ನೆನಪಿದೆ. ಅವರ ತೌರುಮನೆ ಯಾವುದು ಅಂತಲೂ ಹೇಳಿದ್ದರು, ಅದು ಮರೆತುಹೋಗಿದೆ.

ಹಾಗಾಗಿ ನಿನ್ನೆ ‘ಹಂಬಲ್’ ಅಂದರೆ ವಿನಯವಂತ ಅಂತ ಬರೆದು, ಇದು ನಮ್ಮ ಕನ್ನಡದ ‘ಹಂಬಲ’ದಿಂದಲೇ ಹೋಗಿರಬಹುದು, ಹಂಬಲಿಸುವವನು ತಲೆ ತಗ್ಗಿಸಲೇಬೇಕಲ್ಲ ಅಂತ ಸೇರಿಸಿದ್ದೆ. ಬರೆಯುವಾಗ ಖುಷಿಯಾಗಿತ್ತು. ಇವನು ಬಂದ. ಸುಂದರೇಶ ಅಂತ, ಡೆಲ್ಲಿಯಲ್ಲಿ ಭಾಷಾಶಾಸ್ತ್ರದ ಪ್ರೊಫೆಸರಾಗಿದ್ದವನು, ಈ ಬೇಸಿಗೆಯಲ್ಲಿ ತಾತನ ಬಂಗಲೆಗೆ ಬಂದು ಸೇರಿಕೊಂಡಿದ್ದಾನೆ. ‘ಒಂದು ನಿಮಿಷ’ ಅಂತ ನನ್ನ ಕೈಯಿಂದ ಚಾಕ್‌ಪೀಸು ತೆಗೆದುಕೊಂಡು ಕೆಳಗೆ ಬರೆದ: ‘ಹಂಬಲಕ್ಕೂ ಇದಕ್ಕೂ ಸಂಬಂಧವಿಲ್ಲ. ಲ್ಯಾಟಿನ್ನಿನ ಹ್ಯೂಮಸ್‌ನಿಂದ ಬಂದದ್ದು. ಹ್ಯೂಮಸ್ ಎಂದರೆ ನೆಲ, ಮಣ್ಣು.’ ವಾಕಿಂಗಿಗೆ ಬಂದವರೆಲ್ಲ ನಿಂತು ಓದಿದರು.

ಮಣ್ಣು! ಮಣ್ಣಿನ ವಿಷಯ ನನಗೆ ಹೇಳಿಕೊಡಲು ಬಂದ.

ಅಕ್ಟೋಬರ್ 8, ಬುಧವಾರ

ಇವತ್ತೂ ಬರೆದ. ನಾನು ‘ಮಾರ್ಟಿಫೈ’ ಅಂದರೆ ನಾಚಿಕೆಪಡಿಸುವುದು, ಮಾರ್ಟರ್ ಅಂದರೆ ಒರಳು, ಒರಳಲ್ಲಿ ಹಾಕಿ ಕುಟ್ಟಿದ ಹಾಗೆ ಅಂತ ಬರೆದಿದ್ದೆ. ಸಾಯಂಕಾಲ ನೋಡಿದರೆ ಕೆಳಗೆ ಅವನ ಸಣ್ಣ ಅಕ್ಷರ: ‘ಒರಳಲ್ಲ, ಸಾವು. ಅವಮಾನದಿಂದ ಸತ್ತೇಹೋದೆ ಅನ್ನುತ್ತೇವಲ್ಲ, ಹಾಗೆ.’

ಅದು ಚೆನ್ನಾಗಿದೆ. ನಾನೇ ಯಾಕೆ ಹಾಗೆ ಬರೆಯಲಿಲ್ಲ ಅಂತ ಊಟ ಮಾಡುವಾಗಲೂ ಯೋಚನೆ. ಅವನ ಅಕ್ಷರ ಒಂದಕ್ಕೊಂದು ತಾಕದೆ, ಹೊಸದಾಗಿ ಇಸ್ತ್ರಿ ಮಾಡಿದ ಶರಟಿನ ಹಾಗೆ ನಿಂತಿರುತ್ತದೆ. ಅವನ ಶರಟೂ ಹಾಗೇ. ಅವನ ಕನ್ನಡಕದ ದಾರ, ಅವನ ಬೂಟು, ಅವನು ‘ಲ್ಯಾಟಿನ್’ ಅನ್ನುವಾಗ ನಾಲಿಗೆ ಹಲ್ಲಿಗೆ ತಗುಲುವ ರೀತಿ, ಒಂದೂ ನನಗೆ ಆಗುವುದಿಲ್ಲ.

ಪಾರ್ಕ್ ಸಮಿತಿಯ ಕಾರ್ಯದರ್ಶಿ ಶಾಮಣ್ಣನಿಗೆ ಮಾತ್ರ ಹಬ್ಬ.

‘ಲಿಂಗಯ್ಯನೋರೇ, ಬೆಳಿಗ್ಗೆ ನಿಮ್ದು, ಸಾಯಂಕಾಲ ಪ್ರೊಫೆಸರ್‌ದು. ಎರಡು ಶೋ ನಡೀತಾ ಅದೆ ಕಣ್ರೀ! ಜನ ಜಾಸ್ತಿ ಆಗವ್ರೆ.’

‘ಸಾಯಂಕಾಲದ ಶೋಗೆ ಟಿಕೆಟ್ ಮಾರ್ಕೊಳ್ಳಿ.’

‘ಅಯ್ ಬುಡಿ, ನೀವೊಬ್ರು. ದೊಡ್ಡೋರು ತಿದ್ದಿದ್ರೆ ತಿದ್ಲಿ.’

ದೊಡ್ಡೋರು. ನಾನು ಅವನಿಗಿಂತ ಎರಡು ವರ್ಷ ದೊಡ್ಡವನು, ವಿಚಾರಿಸಿದ್ದೇನೆ.

ಅಕ್ಟೋಬರ್ 11, ಶನಿವಾರ

ಇವತ್ತು ಜಾಗ್ರತೆಯಾಗಿ ‘ಮುಖಭಂಗ’ ತೆಗೆದುಕೊಂಡೆ. ಭಂಗ ಎಂದರೆ ಮುರಿಯುವುದು. ಪೆಟ್ಟು ಬೀಳದೆಯೇ ಮುಖ ಮುರಿಯುವುದು ಮುಖಭಂಗ. ನಿಘಂಟು ನೋಡಿ, ಎರಡು ಸಲ ನೋಡಿ ಬರೆದದ್ದು. ಇದರಲ್ಲಿ ಏನು ತಿದ್ದುತ್ತಾನೋ ನೋಡೋಣ ಅಂತ ಸಾಯಂಕಾಲ ಬೇಗನೇ ಹೋಗಿ ಬೆಂಚಿನ ಮೇಲೆ ಕೂತೆ.

ಬಂದ. ಓದಿದ. ಚಾಕ್‌ಪೀಸು ತೆಗೆದುಕೊಂಡು ‘ಸರಿ’ ಅಂತ ಬರೆದು ಪಕ್ಕದಲ್ಲಿ ಟಿಕ್ ಹಾಕಿದ.

ತಿದ್ದಿದ್ದರೂ ತಡೆದುಕೊಳ್ಳುತ್ತಿದ್ದೆ. ಈ ವಯಸ್ಸಿಗೆ ನನಗೆ ಟಿಕ್! ಹೋಗಿ ಅಳಿಸಿಬಿಡೋಣ ಅಂತ ಎದ್ದವನು, ಜನ ಇದ್ದಾರೆ ಅಂತ ಮತ್ತೆ ಕೂತೆ. ಎಲ್ಲರೂ ಹೋದಮೇಲೆ ನೋಡಿದೆ, ಅಳಿಸಲಿಲ್ಲ. ಮಂಜಿಗೆ ತಾನಾಗಿ ಹೋಗಲಿ.

ಅಕ್ಟೋಬರ್ 14, ಮಂಗಳವಾರ

ವಿಷಯ ಈಗ ಬೇರೆಯೇ ಆಗಿದೆ. ರಾಜ್ಯೋತ್ಸವಕ್ಕೆ ಹಲಗೆಗೆ ಹೊಸ ಬಣ್ಣ ಹೊಡೆಸಿ, ಕೆಳಗಿನ ಮರದ ಪಟ್ಟಿಯ ಮೇಲೆ ಬರೆಯುವವರ ಹೆಸರನ್ನು ಎಣ್ಣೆಬಣ್ಣದಲ್ಲಿ ಬರೆಸಬೇಕು ಅಂತ ಸಮಿತಿಯಲ್ಲಿ ತೀರ್ಮಾನವಾಗಿದೆ. ಕೇಳಿದ ಕೂಡಲೇ ನನ್ನ ಹೆಸರು ಅಲ್ಲಿ ಕಾಣಿಸಿಯೂ ಬಿಟ್ಟಿತ್ತು, ಬಿಳಿ ಅಕ್ಷರ, ಸುತ್ತ ಹಳದಿ ಗೆರೆ. ಅಷ್ಟರಲ್ಲಿ ಶಾಮಣ್ಣ ಕಿವಿ ಕೆರೆದುಕೊಂಡ.

‘ಕೆಲವ್ರು ಪ್ರೊಫೆಸರ್ ಹೆಸ್ರು ಹಾಕ್ಸಿ ಅಂತಾವ್ರೆ.’

‘ಬರೆಯೋನು ನಾನು.’

‘ನೀವೇ. ಆದ್ರೆ ಸರಿಯಾಗಿ ಬರೆಯೋರು ಅವ್ರು ಅಂತಾರೆ. ನಾನಂದಿದ್ದಲ್ಲ ಕಣ್ರೀ! ನನ್ ಮೇಲೆ ಯಾಕೆ ಅಂಗೆ ಕಣ್ ಬುಡ್ತೀರಿ?’

ಮನೆಗೆ ಬಂದು ಕಾಫಿ ಕುಡಿಯಲಿಲ್ಲ. ಮಗಳು ಗಗನ ‘ಬಿಪಿ ಮಾತ್ರೆ ತಗೊಂಡ್ಯಾಪ್ಪ?’ ಅಂದಳು, ಹೂಂ ಅಂದೆ. ತೆಗೆದುಕೊಂಡಿರಲಿಲ್ಲ.

ಇದನ್ನು ಯಾರಿಗೆ ಹೇಳಲಿ, ಇಲ್ಲೇ ಬರೆಯುತ್ತೇನೆ. ನಮ್ಮಪ್ಪ ಇದೇ ರಸ್ತೆಯ ಬಂಗಲೆಗಳಿಗೆ ಹಾಲು ತರುತ್ತಿದ್ದ. ಗೇಟಿನ ಹತ್ತಿರ ಬಂದ ಕೂಡಲೇ ಹೆಗಲ ಮೇಲಿನ ಟವೆಲ್ ಇಳಿದು ಕಂಕುಳಿಗೆ ಹೋಗುತ್ತಿತ್ತು. ಯಾರೂ ಇಳಿಸು ಅಂದಿರಲಿಲ್ಲ. ನನಗೆ ಅದಕ್ಕೇ ಸಿಟ್ಟು ಬರುತ್ತಿತ್ತು. ಅದು ವಿನಯವೋ ಅವಮಾನವೋ ಯಾವ ನಿಘಂಟಿನಲ್ಲೂ ಸಿಕ್ಕಿಲ್ಲ. ಈಗ ನಾನು ಇದೇ ರಸ್ತೆಯಲ್ಲಿ ಬಾಡಿಗೆಗಿದ್ದೇನೆ. ಗೇಟಿನ ಮೇಲೆ ಮನೆ ಓನರ್ ಹೆಸರು, ಮೀಟರಿನ ಮೇಲೂ ಅವರದೇ. ಈ ರಸ್ತೆಯಲ್ಲಿ ಒಂದು ಕಡೆ, ಒಂದು ಮರದ ಪಟ್ಟಿಯ ಮೇಲೆ, ಎಂ. ಲಿಂಗಯ್ಯ ಅಂತ ಇರಲಿ. ಇಷ್ಟೇ. ಅವನಿಗೇನು, ಅವನ ತಾತನ ಹೆಸರು ಬಂಗಲೆಯ ಗೇಟಿನ ಕಲ್ಲಿನಲ್ಲೇ ಕೆತ್ತಿದೆ.

ಇವತ್ತಿನ ಪದ ‘ಮರ್ಯಾದೆ’. ಉರ್ದು ದರ್ಬಾರಿನ ಮಾತು ಅಂತ ಬರೆದಿದ್ದೆ. ಕೆಳಗೆ: ‘ಸಂಸ್ಕೃತ. ಮೊದಲ ಅರ್ಥ ಎಲ್ಲೆ, ಸಮುದ್ರದ ದಡ. ಅದನ್ನು ದಾಟಬಾರದು.’

ದಾಟಬಾರದಂತೆ. ಯಾರು ದಾಟಿದ್ದು?

ಅಕ್ಟೋಬರ್ 15, ಬುಧವಾರ

ಬರೆದೇಬಿಟ್ಟೆ. ದಪ್ಪ ಅಕ್ಷರದಲ್ಲಿ.

‘ಅವಮಾನ: ಅವ ಎಂದರೆ ಕೆಳಕ್ಕೆ, ಮಾನ ಎಂದರೆ ಗೌರವ. ಉದಾಹರಣೆಗೆ, ಒಬ್ಬನು ಬರೆದದ್ದನ್ನು ಇನ್ನೊಬ್ಬನು ಊರ ಮುಂದೆ ತಿದ್ದುವುದು.’

ತಿದ್ದಲಿ ಈಗ.

ಅಕ್ಟೋಬರ್ 17, ಶುಕ್ರವಾರ

ಗೆದ್ದೆ. ಮೊನ್ನೆ ಸಾಯಂಕಾಲ ಅವನು ಬಂದು ಓದಿದ. ಚಾಕ್‌ಪೀಸು ಆಗಲೇ ಕೈಗೆ ತೆಗೆದುಕೊಂಡಿದ್ದ. ಇನ್ನೊಂದು ಸಲ ಓದಿದ. ಚಾಕ್‌ಪೀಸನ್ನು ಡಬ್ಬಿಗೆ ಹಾಕಿ, ಮುಚ್ಚಳ ಮುಚ್ಚಿ, ನನ್ನ ಕಡೆ ತಿರುಗದೆ ಹೊರಟುಹೋದ. ನಿನ್ನೆ ಬರಲಿಲ್ಲ. ಇವತ್ತೂ ಇಲ್ಲ.

ಶಾಮಣ್ಣ ತಾನಾಗಿ ಬಂದು ಹೇಳಿದ: ‘ಪ್ರೊಫೆಸರ್ ನನ್ ಹೆಸ್ರು ಬ್ಯಾಡ ಅಂದ್ಬುಟ್ರು. ನಿಮ್ದೇ ಫೈನಲ್ಲು. ಸ್ವೀಟ್ ಯಾವಾಗ?’

ಮೈಸೂರ್‌ಪಾಕು ಕೊಡಿಸಿದೆ. ಗಗನಳಿಗೂ ತಂದೆ. ಬಹಳ ದಿನದ ಮೇಲೆ ಒಳ್ಳೆಯ ನಿದ್ದೆ ಬರುತ್ತದೆ ಅಂದುಕೊಂಡಿದ್ದೇನೆ.

ಅಕ್ಟೋಬರ್ 22, ಬುಧವಾರ, ಬಲಿಪಾಡ್ಯಮಿ

ಹಬ್ಬ. ಗಗನ ಹೋಳಿಗೆ ಮಾಡಿದ್ದಳು. ಅವಳ ಅಮ್ಮ ದೇವಿರಮ್ಮ ಮಾಡುತ್ತಿದ್ದಷ್ಟು ತೆಳ್ಳಗಿಲ್ಲ, ಆದರೂ ಚೆನ್ನಾಗಿದೆ ಅಂದೆ.

ಬೆಳಿಗ್ಗೆಯಿಂದ ಒಂದು ಪ್ರಶ್ನೆ ತಲೆಯಲ್ಲಿ ಕೂತಿದೆ. ಬಲಿ ಚಕ್ರವರ್ತಿ ಮೂರನೆಯ ಹೆಜ್ಜೆಗೆ ತಲೆ ಕೊಟ್ಟನಲ್ಲ, ಅದು ಸೋಲೋ, ವಿನಯವೋ? ತುಳಿಸಿಕೊಂಡವನನ್ನು ವರ್ಷಕ್ಕೊಂದು ಸಲ ದೀಪ ಹಚ್ಚಿ ಕರೆಯುತ್ತೇವೆ, ತುಳಿದವನನ್ನು ಆ ದಿನ ಯಾರೂ ಕರೆಯುವುದಿಲ್ಲ. ಇದನ್ನು ಹಲಗೆಯ ಮೇಲೆ ಬರೆದೆ. ನಾಲ್ಕು ಜನ ‘ಹ್ಯಾಪಿ ದೀಪಾವಳಿ ಸಾರ್’ ಅಂದರು. ಸಾಯಂಕಾಲ ಹೋಗಿ ನೋಡಿದೆ, ಕೆಳಗೆ ಖಾಲಿ. ಆತ ಇದ್ದಿದ್ದರೆ ಇಷ್ಟು ಹೊತ್ತಿಗೆ ಏನಾದರೂ ಕೊಂಕು ಬರೆದಿರುತ್ತಿದ್ದ.

ಗಗನಳಿಗೆ ಹೇಳಿದೆ. ಮೊಬೈಲ್ ನೋಡುತ್ತ ‘ಹೂಂ ಅಪ್ಪ, ಕರೆಕ್ಟು’ ಅಂದಳು. ಪಾಪ, ಒಳ್ಳೆಯ ಹುಡುಗಿ, ಎಲ್ಲದಕ್ಕೂ ಕರೆಕ್ಟು. ದೇವಿರಮ್ಮ ಆಗಿದ್ದರೆ ನಾನು ಎರಡನೆಯ ಮಾತು ಆಡುವಷ್ಟರಲ್ಲಿ ‘ಅಂಗಲ್ಲ ಕಣ್ರೀ’ ಅನ್ನುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಸಿಟ್ಟು ಬರುತ್ತಿತ್ತು. ನೆಂಟರ ಮುಂದೆಯೂ ಬಿಡುತ್ತಿರಲಿಲ್ಲ. ನಮ್ಮ ಮದುವೆಯಲ್ಲಿ ಮಳೆ ಬಂದದ್ದು ಧಾರೆಗೆ ಮುಂಚೆಯೋ ಆಮೇಲೋ ಅಂತ ಕೊನೆಯ ತನಕ ಜಗಳ. ಈಗ ಧಾರೆಗೆ ಮುಂಚೆ ಅಂದರೂ ನಡೆಯುತ್ತದೆ, ಆಮೇಲೆ ಅಂದರೂ ನಡೆಯುತ್ತದೆ.

ಅಕ್ಟೋಬರ್ 25, ಶನಿವಾರ

ಇವತ್ತು ಸ್ವಲ್ಪ ಆಟ ಆಡಿದೆ. ‘ಮತ್ಸರ’ ಬರೆದೆ. ‘ಮತ್ ಎಂದರೆ ನನ್ನ, ಸರ ಎಂದರೆ ಹಾರ. ನನ್ನ ಸರ ಇನ್ನೊಬ್ಬನ ಕೊರಳಲ್ಲಿ ಕಂಡಾಗ ಆಗುವುದೇ ಮತ್ಸರ.’ ಶುದ್ಧ ಸುಳ್ಳು, ನಾನೇ ಕಟ್ಟಿದ್ದು. ಬೇಕೆಂದೇ ಏನಲ್ಲ, ಯಾರು ಏನನ್ನುತ್ತಾರೋ ನೋಡೋಣ ಅಂತ.

ಎಲ್ಲರಿಗೂ ಮೆಚ್ಚುಗೆಯೋ ಮೆಚ್ಚುಗೆ. ಶಾಮಣ್ಣ ಫೋಟೊ ತೆಗೆದು ಗ್ರೂಪಿಗೆ ಹಾಕಿದ. ಮೂವತ್ತು ಜನ ಕೈಮುಗಿದ ಚಿತ್ರ ಕಳಿಸಿದರು. ಯೋಗ ಕ್ಲಾಸಿನ ತನುಶ್ರೀ ಮೇಡಂ ‘ಎಷ್ಟು ಡೀಪಾಗಿದೆ ಅಂಕಲ್’ ಅಂದರು.

ಒಬ್ಬರಾದರೂ ನಿಘಂಟು ತೆಗೆದು ನೋಡಬಾರದೇ? ಹಾಗಾದರೆ ಇಷ್ಟು ವರ್ಷ ಇವರೆಲ್ಲ ಓದುತ್ತಿದ್ದದ್ದೇನು? ನಾನು ಸಾಯಂಕಾಲ ಕತ್ತಲಾಗುವ ತನಕ ಬೆಂಚಿನ ಮೇಲೆ ಕೂತಿದ್ದೆ. ಆತ ಊರಿಗೆ ಹೋಗಿರಬಹುದು. ಮೈ ಸರಿಯಿಲ್ಲವೋ ಏನೋ. ಬಂಗಲೆಯ ಮುಂದೆ ಹಾಗೇ ಒಂದು ಸುತ್ತು ಹೋಗಿಬಂದೆ, ವಾಕಿಂಗ್ ಕಮ್ಮಿಯಾಗಿತ್ತು, ಅದಕ್ಕೆ. ವರಾಂಡದಲ್ಲಿ ಬೂಟು ಇರಲಿಲ್ಲ.

ಅಕ್ಟೋಬರ್ 28, ಮಂಗಳವಾರ

ಬೂಟು ಎಲ್ಲಿದೆ ಅಂತ ಗೊತ್ತಾಯಿತು. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಗಗನ ಹೇಳಿದಳು: ‘ಅಪ್ಪ, ನಿನ್ ಪ್ರೊಫೆಸರು ಗೋಕುಲದಲ್ಲಿ ಕಂಡ್ರು. ಫಾರಿನ್ನೋರ ಜೊತೆ ಕಾಫಿ ಕುಡೀತಾ ಕೂತಿದ್ರು. ದಿನಾ ಸಾಯಂಕಾಲ ಬಂದು ಪಾಠ ಮಾಡ್ತಾರಂತೆ.’

‘ನನ್ ಪ್ರೊಫೆಸರ್ ಯಾಕಮ್ಮ ಆಗ್ತಾರೆ?’ ಅಂದೆ. ಅನ್ನ ಇನ್ನೂ ಬಡಿಸಲು ಬಂದಳು, ಬೇಡ ಅಂದೆ.

ದಿನಾ ಸಾಯಂಕಾಲ! ಅದು ನಮ್ಮ ಹಲಗೆಯ ಹೊತ್ತು.

ಇವತ್ತು ಕಾಫಿಪುಡಿ ತರುವ ನೆಪದಲ್ಲಿ ಆ ಬಡಾವಣೆಗೆ ಹೋದೆ. ರಸ್ತೆ ತುಂಬ ಯೋಗ ಕಲಿಯಲು ಬಂದ ಫಾರಿನ್ನಿನವರು. ಯೋಗದ ಚಾಪೆ ಸುತ್ತಿ ಬೆನ್ನಿಗೆ ಹಾಕಿಕೊಂಡವರು, ಎಳನೀರಿನ ಗಾಡಿಯ ಮುಂದೆ ನಿಂತು ಅರೆಬರೆ ಕನ್ನಡದಲ್ಲಿ ‘ಗಂಜಿ ಗಂಜಿ’ ಅನ್ನುವವರು. ಒಂದು ಹಳೆಯ ಮನೆಯ ಜಗಲಿಯನ್ನೇ ಹೋಟೆಲು ಮಾಡಿದ್ದಾರೆ, ಅಲ್ಲಿ ಪ್ರೊಫೆಸರು ಕೂತಿದ್ದರು. ಎದುರಿಗೆ ಒಬ್ಬಳು ಬಿಳಿಯ ಹುಡುಗಿ. ಅವಳ ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡು ಒಂದು ಪದದ ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ ಸಣ್ಣದಾಗಿ ಏನೋ ಬರೆದರು. ಹುಡುಗಿ ನಕ್ಕಳು. ತಿದ್ದಿಸಿಕೊಂಡು ನಗುತ್ತಾಳೆ! ಅವಳಿಗೇನು ಗೊತ್ತು? ಆ ಗೆರೆ ಎಳೆಯುವಾಗ ಅವರು ತಲೆಯನ್ನು ಸ್ವಲ್ಪ ವಾಲಿಸುತ್ತಾರೆ. ಪಾರ್ಕಿನಲ್ಲಿ ನನ್ನ ಅಕ್ಷರದ ಮುಂದೆಯೂ ಹಾಗೇ ವಾಲಿಸುತ್ತಿದ್ದರು. ಹೊಟ್ಟೆಯಲ್ಲಿ ಯಾರೋ ಇದ್ದಲಿಗೆ ಗಾಳಿ ಊದಿದ ಹಾಗಾಯಿತು. ತಿರುಗಿ ಹೋಗೋಣ ಅನ್ನುವಷ್ಟರಲ್ಲಿ ನೋಡಿಬಿಟ್ಟರು.

‘ಓ, ಲಿಂಗಯ್ಯನವರು! ಏನು, ಶೀರ್ಷಾಸನ ಕಲಿಯೋದಕ್ಕೋ?’

‘ಕಾಫಿಪುಡಿಗೆ ಬಂದೆ.’

‘ಯಾದವಗಿರಿಯಲ್ಲಿ ಕಾಫಿಪುಡಿ ಮುಗಿದುಹೋಯಿತೇ?’

‘ಅಲ್ಲಿ ಚಿಕೋರಿ ಜಾಸ್ತಿ ಹಾಕ್ತಾರೆ.’

‘ಇಲ್ಲಿ ಚಿಕೋರಿ ಕಮ್ಮಿ, ರೇಟು ಜಾಸ್ತಿ. ಕೂತ್ಕೊಳಿ.’

ಕೂತೆ. ಏನು ಪಾಠ ಅಂತ ಕೇಳಿದೆ. ‘ಇವತ್ತು ನಮಸ್ತೆ. ನಮ್ ಅಂದರೆ ಬಗ್ಗುವುದು ಅಂತ ಹೇಳಿದೆ. ದಿನಾ ಬೆಳಗ್ಗೆ ಎರಡು ಗಂಟೆ ಬಗ್ಗುವ ಜನ, ತಕ್ಷಣ ಅರ್ಥವಾಯಿತು’ ಅಂದರು. ನನಗೆ ನಗು ಬಂತು. ನಕ್ಕಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ಕಾಫಿ ಬಂತು. ಕುಡಿದೆವು. ಲೋಟ ಕೆಳಗಿಟ್ಟು ಅವರೇ ಅಂದರು:

‘ಮತ್ಸರ ತಪ್ಪು ಬರೆದಿದ್ದೀರಿ.’

‘ನೀವು ಪಾರ್ಕಿಗೇ ಬರಲ್ಲವಲ್ಲ.’

‘ಬೆಳಿಗ್ಗೆ ಹಾಲಿಗೆ ಹೋಗ್ತೀನಲ್ಲ, ರಸ್ತೆಯ ಆ ಕಡೆಯಿಂದ ಕಾಣುತ್ತೆ.’

‘ದಿನಾ ನೋಡ್ತೀರಾ?’

‘ದಿನಾ. ಆ ನಿಮ್ಮ ‘ನನ್ನ ಸರ’ ನೋಡಿ ರಾತ್ರಿ ನಿದ್ದೆ ಬರಲಿಲ್ಲ ಕಣ್ರೀ! ಮತ್ಸರ ಅಂದರೆ ಮೊದಲಿಗೆ ಅಮಲು, ಉನ್ಮಾದ. ಸೋಮರಸಕ್ಕೆ ಹೇಳುತ್ತಿದ್ದ ಮಾತು. ಹೊಟ್ಟೆಕಿಚ್ಚು ಅನ್ನೋ ಅರ್ಥ ಆಮೇಲೆ ಬಂದದ್ದು.’

‘ಮತ್ತೆ ತಿದ್ದಬೇಕಾಗಿತ್ತು.’

‘ಊರ ಮುಂದೆ ತಿದ್ದೋದು ಅವಮಾನ ಅಂತ ನೀವೇ ಬರೆದಿದ್ದಿರಿ. ಅದರಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ.’

ಆಗ ಒಂದು ಮಾತು ಹೇಳಬೇಕಾಗಿತ್ತು. ಬಾಯಿಗೆ ಬಂದಿತ್ತು ಕೂಡ. ಅಷ್ಟರಲ್ಲಿ ಆ ಹುಡುಗಿ ಏನೋ ಕೇಳಿದಳು, ಅವರು ಆ ಕಡೆ ತಿರುಗಿದರು. ನಾನು ಎದ್ದೆ.

ಮನೆಗೆ ಬಂದರೆ ಗಗನ, ‘ಎರಡು ಪ್ಯಾಕೆಟ್ ಹಾಗೇ ಇತ್ತಲ್ಲಪ್ಪ, ಮತ್ತೆ ಯಾಕೆ ತಂದೆ?’

ಆ ಬಿಳಿಯ ಹುಡುಗಿಯ ಪುಸ್ತಕದಲ್ಲಿ ಎಷ್ಟು ತಪ್ಪಿತ್ತೋ. ನನ್ನಷ್ಟು ಇರಲಾರದು.

ಅಕ್ಟೋಬರ್ 31, ಶುಕ್ರವಾರ

ಡೈರಿಯನ್ನು ಪಾರ್ಕಿಗೇ ತಂದಿದ್ದೇನೆ. ಮನೆಯಲ್ಲಿ ಕೂತು ಬರೆಯೋಣ ಅಂದರೆ ಕಾಲು ನಿಲ್ಲುತ್ತಿಲ್ಲ.

ಹಲಗೆಗೆ ಕಪ್ಪು ಬಣ್ಣ ಮೊನ್ನೆಯೇ ಆಗಿತ್ತು. ಹೆಸರು ಬರೆಯಲು ಪೇಂಟರ್ ಅಭಿಲಾಷ್ ಮಧ್ಯಾಹ್ನ ಬಂದ. ‘ಬರಹ: ಎಂ. ಲಿಂಗಯ್ಯ’. ಬಿಳಿ ಅಕ್ಷರ, ಹಳದಿ ಗೆರೆ. ನೋಡುತ್ತ ನಿಂತೆ. ಅಪ್ಪ ನೋಡಬೇಕಾಗಿತ್ತು ಅನ್ನಿಸಿತು, ಆಮೇಲೆ ಅಪ್ಪನಿಗೆ ಓದಲು ಬರುತ್ತಿರಲಿಲ್ಲ ಅನ್ನುವುದೂ ನೆನಪಾಯಿತು. ಶಾಮಣ್ಣ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿ ಫೋಟೊ ತೆಗೆದ. ಅಭಿಲಾಷ್ ಬ್ರಷ್ಷು ತೊಳೆಯಲು ಹೊರಟಾಗ ನಾನು ತಡೆದೆ.

‘ಕೆಳಗೆ ಇನ್ನೊಂದು ಸಾಲು ಬರಿಯಪ್ಪ. ತಿದ್ದುವವರು: ಸುಂದರೇಶ.’

ಶಾಮಣ್ಣ ಮೊಬೈಲ್ ಕೆಳಗಿಳಿಸಿದ. ‘ಏನಂದ್ರಿ?’

‘ತಿದ್ದುವವರು, ಸುಂದರೇಶ.’

‘ತಲೆಗಿಲೆ ಕೆಟ್ಟದಾ? ತಿದ್ದೋರ ಹೆಸ್ರು ಯಾರಾದ್ರೂ ಬೋರ್ಡಿಗೆ ಹಾಕ್ಸ್ತಾರಾ? ನಾನು ತಪ್ಪು ಬರೀತೀನಿ ಅಂತ ನೀವೇ ಎಣ್ಣೆಬಣ್ಣದಲ್ಲಿ ಬರೆಸ್ಕೊಂಡಂಗಾಯ್ತದೆ!’

‘ಆಗ್ಲಿ.’

‘ನಾಳೆ ರಾಜ್ಯೋತ್ಸವ ಕಣ್ರೀ, ಕಾರ್ಪೊರೇಟರ್ ಬರ್ತಾರೆ. ನಗಲ್ವಾ ಅವ್ರು?’

‘ನಗ್ಲಿ ಬುಡಿ.’

ಇದರ ಹಿಂದೆ ಇರುವ ಲೆಕ್ಕಾಚಾರ ಶಾಮಣ್ಣನಿಗೆ ತಿಳಿಯುವುದಿಲ್ಲ, ಇಲ್ಲಿ ಬರೆದಿಡುತ್ತೇನೆ. ಹೆಸರು ಒಂದು ಸಲ ಬಿದ್ದುಬಿಟ್ಟರೆ ಅದು ಡ್ಯೂಟಿ. ಸಾಯಂಕಾಲ ಇಲ್ಲಿ ಡ್ಯೂಟಿ ಇಟ್ಟುಕೊಂಡು ಗೋಕುಲಕ್ಕೆ ಹೇಗೆ ಹೋಗುತ್ತಾರೋ ನೋಡೋಣ. ಆ ಹುಡುಗಿ ಬೇರೆ ಮೇಷ್ಟ್ರನ್ನು ನೋಡಿಕೊಳ್ಳಲಿ. ಅಲ್ಲದೆ ಅವರ ಹೆಸರು ನನ್ನ ಹೆಸರಿನ ಕೆಳಗೆ, ಸಣ್ಣ ಅಕ್ಷರದಲ್ಲಿ. ಹೇಗೆ ನೋಡಿದರೂ ಗೆದ್ದವನು ನಾನೇ.

ಅಭಿಲಾಷ್‌ಗೆ ಸಾಲು ಮುಗಿಸಿದ ಮೇಲೆ ಬಂಗಲೆಯ ಕಡೆಯಿಂದಲೇ ಹೋಗು, ಗೇಟಿನಲ್ಲಿ ಒಂದು ಮಾತು ಹೇಳಿಬಿಡು ಅಂದಿದ್ದೆ. ಹೇಳಿದನೋ ಇಲ್ಲವೋ.

ಇವತ್ತಿನ ಪದ ‘ವಿನಯ’. ನೀ ಎಂಬ ಧಾತು, ಕರೆದುಕೊಂಡು ಹೋಗುವುದು. ವಿನಯ ಎಂದರೆ ಮೊದಲು ಪಳಗಿಸುವುದು, ಶಿಕ್ಷಣ; ಪಳಗಿದ ಕುದುರೆಯನ್ನೂ ವಿನೀತ ಅನ್ನುತ್ತಿದ್ದರಂತೆ. ಬೇಕೆಂದು ತಪ್ಪು ಬರೆದಿಲ್ಲ, ಅದು ಬೇಡ ಅನ್ನಿಸಿತು. ಮೂರು ನಿಘಂಟು ನೋಡಿ ಬರೆದಿದ್ದೇನೆ. ಆದರೂ ಎಲ್ಲೋ ಒಂದು ತಪ್ಪು ಇದ್ದೇ ಇರುತ್ತದೆ, ನನ್ನ ಮೇಲೆ ನನಗೆ ನಂಬಿಕೆ ಇದೆ.

ಬಂದರು. ರಸ್ತೆಯ ಆ ಕಡೆಯೇ ನಿಂತಿದ್ದಾರೆ. ಒಂದು ಆಟೊ ಹೋಗಲಿ ಅಂತ ಕಾದರು, ಆಟೊ ಹೋಯಿತು, ಇನ್ನೂ ನಿಂತಿದ್ದಾರೆ. ನಾನು ತಲೆ ಎತ್ತುವುದಿಲ್ಲ, ಬರೆಯುತ್ತಲೇ ಇರುತ್ತೇನೆ.

ದಾಟಿದರು. ಹಲಗೆಯ ಮುಂದೆ ಬಂದು ಬಗ್ಗಿ ಕೆಳಗಿನ ಪಟ್ಟಿಯನ್ನು ಓದುತ್ತಿದ್ದಾರೆ. ಎರಡು ಸಾಲಿಗೆ ಇಷ್ಟು ಹೊತ್ತು ಯಾಕೆ? ಕನ್ನಡಕ ತೆಗೆದು ಒರೆಸಿಕೊಂಡರು. ಶಾಮಣ್ಣ ವಾಕಿಂಗ್ ದಾರಿಯಿಂದಲೇ ಕೂಗಿದ: ‘ಪ್ರೊಫೆಸರೇ, ಬಣ್ಣ ಹಸಿ ಅದೆ, ಮುಟ್ಬುಟ್ಟೀರಿ!’ ಅವರು ತಿರುಗಿ ಏನೋ ಅಂದರು, ಕೇಳಿಸಲಿಲ್ಲ. ಶಾಮಣ್ಣ ನಕ್ಕ. ಅವನಿಗೆ ಮೊದಲು ಏನು ಹೇಳಿದರು? ನನಗಲ್ಲವೇ ಹೇಳಬೇಕಾದದ್ದು?

ಡಬ್ಬಿಯ ಮುಚ್ಚಳ ತೆಗೆದರು. ತಲೆ ವಾಲಿಸಿದರು.

ಒಂದು ಸಾಲು ಆಯಿತು. ಮುಗಿಯಲಿಲ್ಲ, ಎರಡನೆಯದು ಶುರು ಮಾಡಿದ್ದಾರೆ. ಅಷ್ಟೊಂದು ತಪ್ಪಿದೆಯೇ? ಇಲ್ಲಿಂದ ಬಿಳಿಯ ಗೀಟು ಕಾಣುತ್ತದೆಯೇ ಹೊರತು ಅಕ್ಷರ ತಿಳಿಯುತ್ತಿಲ್ಲ. ಕನ್ನಡಕದ ದೋಷ ಅಂದುಕೊಂಡೆ, ಅಲ್ಲ, ನಾನು ಬರೆಯುತ್ತಿರುವ ಈ ಸಾಲೂ ಕಾಣುತ್ತಿಲ್ಲ, ಬೆಳಕು ಹೋಗುತ್ತಿದೆ, ಪೂರ್ತಿ ಹೋಗುವ ಮುಂಚೆ ಎದ್ದು ಹತ್ತಿರ ಹೋಗಿ ಓದಬೇಕು.